ರೋಲಿಂಗ್ ಸ್ಟೋನ್ ಪತ್ರಿಕೆಯ ಮೊದಲನೆಯ ಸಂಚಿಕೆ

ವರ್ಷ ಮುಗಿದ ಪಂಚಾಂಗವನ್ನು ಯಾರೂ ಕೇಳುವದಿಲ್ಲ. ತಿಂಗಳು ಮುಗಿದ ಪತ್ರಿಕೆಯ ಗತಿಯೂ ಬಹುಮಟ್ಟಿಗೆ ಇದೇ. ಒಂದೆರಡು ದಿನ ಕೈಯಿಂದ ಕೈಗೆ ಹೋಗಿ, ಆಮೇಲೆ ಕಿರಾಣಿ ಅಂಗಡಿಯಲ್ಲಿ ಪೊಟ್ಟಣವಾಗಿ ಅದರ ಬಾಳು ತೀರುತ್ತದೆ. ಆದರೆ ಇತಿಹಾಸವನ್ನು ಅಭ್ಯಸಿಸುವವರಿಗೆ ಹಳೆಯ ಪತ್ರಿಕೆಯಷ್ಟು ಬೆಲೆಯುಳ್ಳ ಸಾಧನ ಮತ್ತೊಂದಿಲ್ಲ. ಪುಸ್ತಕವನ್ನು ಬರೆಯುವವನಿಗೆ ನಡೆದುಹೋದುದರ ಫಲ ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ಆತನು ಮಾತನ್ನು ಜೋಡಿಸುತ್ತಾನೆ. ಪತ್ರಿಕೆಗೆ ನಾಳೆಯ ಸುದ್ದಿ ಗೊತ್ತಿಲ್ಲ. ಆದುದರಿಂದ ಆ ದಿನದ ಆಸೆ, ಅಂಜಿಕೆ, ಅವಸರಗಳೆಲ್ಲ ಅದರಲ್ಲಿ ಇದ್ದಂತೆಯೇ ಉಳಿದುಕೊಳ್ಳುತ್ತವೆ.

ಇಂತಹ ಒಂದು ಸಂಚಿಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅದು ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ 'ರೋಲಿಂಗ್ ಸ್ಟೋನ್' ಎಂಬ ರಾಕ್ ಸಂಗೀತದ ಪತ್ರಿಕೆಯ ಪ್ರಥಮ ಸಂಚಿಕೆ. ಅದರ ಮೇಲಿರುವ ತಾರೀಖು 9 ನವೆಂಬರ 1967. ವಿಜಯಪುರ-ಸೊಲ್ಲಾಪುರ ಹಾದಿಯ ಮೇಲಿನ ಹೊರ್ತಿಗೂ ಆ ಊರಿಗೂ ಏನು ಸಂಬಂಧ, ಭಜನೆ ಗೀಗೀ ಪದಗಳ ನಾಡಿನವರಿಗೆ ರಾಕ್ ಸಂಗೀತದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ಲೇಖನದ ಕೊನೆಯ ಭಾಗಕ್ಕೆ ಇಟ್ಟುಕೊಂಡು, ಮೊದಲು ವಿಷಯವನ್ನು ತಿಳಿದುಕೊಳ್ಳೋಣ.

ರಾಕ್ ಎಂಬುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವಲ್ಲ. ಅಮೇರಿಕೆಯಲ್ಲಿ ಗುಲಾಮಗಿರಿಯನ್ನು ಉಂಡ ಕರಿಯ ಜನರು ತಮ್ಮ ದುಃಖವನ್ನು ತೋಡಿಕೊಳ್ಳಲು ಕಟ್ಟಿಕೊಂಡ 'ಬ್ಲೂಸ್' ಎಂಬ ಹಾಡುಗಾರಿಕೆಯೇ ಅದರ ಮುಖ್ಯ ಬೇರು. ಅದರೊಡನೆ ಅಲ್ಲಿಯ ಬಿಳಿಯ ಹಳ್ಳಿಗರ ಹಾಡುಗಳೂ ಬೆರೆತು 1950ರ ದಶಕದಲ್ಲಿ ಈ ಹೊಸ ಬಗೆ ಹುಟ್ಟಿತು. ಚಕ್ ಬೆರಿ, ಎಲ್ವಿಸ್ ಪ್ರೆಸ್ಲಿ ಮೊದಲಾದವರು ಅದನ್ನು ಮನೆಮಾತಾಗಿ ಮಾಡಿದರು. ವಿದ್ಯುತ್ತಿನ ಗಿಟಾರು, ತಗ್ಗು ಸ್ವರದ ಬೇಸ್ ಗಿಟಾರು, ಡ್ರಮ್ಮುಗಳ ಜೋಡಣೆ, ಇವು ಅದರ ಮುಖ್ಯ ವಾದ್ಯಗಳು. ಅದರ ಲಯ ನಾಲ್ಕು ಎಣಿಕೆಯದು. ನಮ್ಮ ಭಜನೆಯಲ್ಲಿ ತಾಳದ ಗಟ್ಟಿ ಪೆಟ್ಟು ಸಮದ ಮೇಲೆ, ಅಂದರೆ ಮೊದಲನೆಯ ಮಾತ್ರೆಯ ಮೇಲೆ ಬೀಳುತ್ತದಷ್ಟೆ? ರಾಕಿನಲ್ಲಾದರೋ ಚಿಕ್ಕ ಡ್ರಮ್ಮಿನ ಚುರುಕು ಪೆಟ್ಟು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ. ಕೇಳುವವನ ಕಾಲು ತಾನಾಗಿ ಕುಣಿಯುವ ಗುಟ್ಟು ಇದರಲ್ಲಿಯೇ ಅಡಗಿದೆ.

1964ರಲ್ಲಿ ಇಂಗ್ಲಂಡದ ಬೀಟಲ್ಸ್ ಎಂಬ ನಾಲ್ವರು ತರುಣರ ಮೇಳವು ಅಮೇರಿಕೆಗೆ ಕಾಲಿಟ್ಟ ತರುವಾಯ ಈ ಸಂಗೀತದ ಪ್ರಭಾವವು ಹೇಳತೀರದಷ್ಟು ಹೆಚ್ಚಿತು. ವಿಯೆಟ್ನಾಮ್ ಯುದ್ಧವನ್ನು ವಿರೋಧಿಸುವ, ಕರಿಯರ ಹಕ್ಕಿಗಾಗಿ ಹೋರಾಡುವ ತರುಣ ಪೀಳಿಗೆಗೆ ಅದೇ ತನ್ನ ನಾಲಗೆಯಾಯಿತು. ಹೀಗಿದ್ದೂ ದೊಡ್ಡ ವೃತ್ತಪತ್ರಿಕೆಗಳು ಅದನ್ನು ಹುಡುಗರ ಗದ್ದಲವೆಂದು ಬಗೆದವು. ಇತ್ತ ಹದಿಹರೆಯದವರಿಗಾಗಿ ಹೊರಡುತ್ತಿದ್ದ ಬಣ್ಣದ ಪತ್ರಿಕೆಗಳು ಹಾಡುಗಾರನ ಮೆಚ್ಚಿನ ಬಣ್ಣ ಯಾವದು, ಮೆಚ್ಚಿನ ತಿಂಡಿ ಯಾವದು ಎಂದು ಬರೆದು ಕೃತಾರ್ಥವಾಗುತ್ತಿದ್ದವು. ಒಂದು ಕಡೆ ತಿರಸ್ಕಾರ, ಇನ್ನೊಂದು ಕಡೆ ಬರಿಯ ಹೊಗಳಿಕೆ. ಕಿವಿಗೊಟ್ಟು ಕೇಳಿ, ವಿಚಾರಿಸಿ, ಗುಣದೋಷ ಹೇಳುವ ಬರವಣಿಗೆಗೆ ಎಡೆಯಿರಲಿಲ್ಲ.

ಈ ಕೊರತೆಯನ್ನು ಮೊದಲು ಮನಗಂಡವನು ಕಾಲೇಜಿನ ವಿದ್ಯಾರ್ಥಿಯೊಬ್ಬನೆಂಬುದನ್ನು ನಾವು ಮರೆಯಬಾರದು. ಸ್ವಾರ್ಥ್‌ಮೋರ್ ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿದ್ದ ಪಾಲ್ ವಿಲಿಯಮ್ಸ್ ಎಂಬ 17 ವರ್ಷದ ಹುಡುಗನು 1966ರ ಫೆಬ್ರುವರಿಯಲ್ಲಿ 'ಕ್ರಾಡ್ಯಾಡಿ' ಎಂಬ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ಹಂಚಿದನು. ಅದು ಹತ್ತು ಹಾಳೆಗಳ ಪುಟ್ಟ ಪ್ರಯತ್ನ. ರಾಕ್ ಸಂಗೀತವನ್ನು ಗಂಭೀರವಾಗಿ ವಿಮರ್ಶಿಸುವ ಅಮೇರಿಕೆಯ ಪತ್ರಿಕೆಗಳಲ್ಲಿ ಇದೇ ಮೊದಲನೆಯದೆಂದು ಎಣಿಸಲಾಗಿದೆ. ರೋಲಿಂಗ್ ಸ್ಟೋನ್ ಅದರ ಬೆನ್ನ ಹಿಂದೆ ಬಂದುದು.

ರೋಲಿಂಗ್ ಸ್ಟೋನಿನ ಸ್ಥಾಪಕರು ಇಬ್ಬರು. ಜಾನ್ ವೆನರ್ ಎಂಬವನು ಬರ್ಕ್ಲಿಯ ವಿಶ್ವವಿದ್ಯಾನಿಲಯದ ಅಭ್ಯಾಸವನ್ನು ಅರ್ಧಕ್ಕೆ ಬಿಟ್ಟ 21 ವರ್ಷದ ತರುಣ. ರಾಲ್ಫ್ ಗ್ಲೀಸನ್ ಎಂಬವರು 'ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್' ಪತ್ರಿಕೆಯಲ್ಲಿ ಜಾಝ್ ಸಂಗೀತವನ್ನು ಕುರಿತು ಬರೆಯುತ್ತಿದ್ದ, ಐವತ್ತು ವರ್ಷದ ಪ್ರಸಿದ್ಧ ವಿಮರ್ಶಕರು. ಒಬ್ಬನದು ಹುಮ್ಮಸ್ಸು, ಇನ್ನೊಬ್ಬರದು ಅನುಭವ. ಬಂಡವಾಳವೆಂದರೆ ಬಂಧುಗಳಿಂದಲೂ, ವೆನರ್ ಮದುವೆಯಾಗಲಿದ್ದ ಹುಡುಗಿಯ ಮನೆಯವರಿಂದಲೂ ಕೂಡಿಸಿದ 7,500 ಡಾಲರುಗಳು. ಕಚೇರಿಯೆಂದರೆ ಮುದ್ರಣಾಲಯದ ಮೇಲಿನ ಅಟ್ಟ.

ಹೆಸರಿನ ವಿಚಾರವಾಗಿಯೂ ಒಂದು ಮಾತು ಹೇಳಬೇಕು. ಉರುಳುವ ಕಲ್ಲಿಗೆ ಪಾಚಿ ಹತ್ತದು ಎಂಬುದು ಇಂಗ್ಲಿಷಿನ ಹಳೆಯ ಗಾದೆ. ಅದರಿಂದ ಬ್ಲೂಸ್ ಹಾಡುಗಾರ ಮಡಿ ವಾಟರ್ಸನು 1950ರ ತನ್ನ ಹಾಡಿಗೆ ಹೆಸರು ಪಡೆದನು. ಆ ಹಾಡಿನಿಂದ ಇಂಗ್ಲಂಡದ ಒಂದು ಮೇಳವು 'ರೋಲಿಂಗ್ ಸ್ಟೋನ್ಸ್' ಎಂದು ಕರೆದುಕೊಂಡಿತು. 1965ರಲ್ಲಿ ಬಾಬ್ ಡಿಲನ್ ಹಾಡಿದ ಒಂದು ಪ್ರಸಿದ್ಧ ಹಾಡಿನಲ್ಲಿಯೂ ಅದೇ ಮಾತು ಬಂದಿತು. ಪತ್ರಿಕೆಯು ತನ್ನ ಹೆಸರಿನ ಈ ವಂಶಾವಳಿಯನ್ನು ಮೊದಲ ಸಂಚಿಕೆಯಲ್ಲಿಯೇ ವಾಚಕರಿಗೆ ಅರುಹಿತು. ತಮ್ಮದು ಬರಿಯ ಸಂಗೀತದ ಪತ್ರಿಕೆಯಲ್ಲ, ಆ ಸಂಗೀತದೊಡನೆ ಬರುವ ಮನೋಭಾವನೆಗಳೂ ತಮ್ಮ ವಿಷಯವೇ ಎಂಬ ಅಭಿಪ್ರಾಯವನ್ನು ಸಂಪಾದಕನು ಅಲ್ಲಿ ಸ್ಪಷ್ಟಪಡಿಸಿದ್ದಾನೆ.

ಇನ್ನು ಸಂಚಿಕೆಯನ್ನು ತೆರೆದು ನೋಡೋಣ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, 24 ಪುಟಗಳು, ವೃತ್ತಪತ್ರಿಕೆಯಂತೆ ಮಡಿಚಿದ್ದು. ಬೆಲೆ 25 ಸೆಂಟು, ಅಂದರೆ ಕಾಲು ಡಾಲರ್. ಆಗ ಡಾಲರಿಗೆ ಏಳೂವರೆ ರೂಪಾಯಿಯ ದರವಿದ್ದುದರಿಂದ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ರೂಪಾಯಿ 87 ಪೈಸೆ. ಮುಖಪೃಷ್ಠದ ಮೇಲೆ ಬೀಟಲ್ಸ್ ಮೇಳದ ಜಾನ್ ಲೆನನ್‌ನ ಚಿತ್ರ. ಆದರೆ ಆತನ ಕೈಯಲ್ಲಿ ಗಿಟಾರಿಲ್ಲ; ತಲೆಯ ಮೇಲೆ ಸಿಪಾಯಿಯ ಉಕ್ಕಿನ ಟೊಪ್ಪಿಗೆ. 'ಹೌ ಐ ವನ್ ದ ವಾರ್' ಎಂಬ, ಯುದ್ಧದ ಹುಚ್ಚುತನವನ್ನು ನಗೆಗೀಡುಮಾಡಿದ ಚಲನಚಿತ್ರದಲ್ಲಿ ಆತನು ವಹಿಸಿದ ಪಾತ್ರದ ಛಾಯಾಚಿತ್ರವದು. ವಿಯೆಟ್ನಾಮಿನಲ್ಲಿ ಅಮೇರಿಕೆಯ ತರುಣರು ಸಾಯುತ್ತಿದ್ದ ದಿನಗಳಲ್ಲಿ ಹಾಡುಗಾರನನ್ನು ಸಿಪಾಯಿಯ ವೇಷದಲ್ಲಿ ಕಂಡ ವಾಚಕನಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ.

ಒಳಗೆ ಬಗೆಬಗೆಯ ಬರಹಗಳಿವೆ. ಸ್ಕಾಟ್ಲಂಡದ ಹಾಡುಗಾರ ಡೊನೊವಾನ್‌ನ ಸಂದರ್ಶನವನ್ನು ಪ್ರಶ್ನೋತ್ತರದ ರೂಪದಲ್ಲಿಯೇ ಅಚ್ಚುಹಾಕಿದ್ದಾರೆ. ಹಾಡುವವನು ತನ್ನ ವಿಚಾರವನ್ನು ತನ್ನ ಮಾತಿನಲ್ಲಿಯೇ ಹೇಳಲೆಂಬುದು ಈ ಪದ್ಧತಿಯ ಉದ್ದೇಶ. ಮುಂದೆ ಇಂತಹ ದೀರ್ಘ ಸಂದರ್ಶನಗಳೇ ಪತ್ರಿಕೆಯ ಕೀರ್ತಿಗೆ ಕಾರಣವಾದವು. ಇವಲ್ಲದೆ ಹೊಸ ಧ್ವನಿಮುದ್ರಿಕೆಗಳ ವಿಮರ್ಶೆ, ನಗರದ ಸುದ್ದಿ, ಜಾಹೀರಾತು. ಆದರೆ ಇವೆಲ್ಲಕ್ಕಿಂತ ಮಿಗಿಲಾಗಿ ನಮ್ಮ ಲಕ್ಷ್ಯವನ್ನು ಸೆಳೆಯುವದು ಮೈಕಲ್ ಲೈಡನ್ ಬರೆದ ಒಂದು ವರದಿ. ಅದು ಹಾಡನ್ನು ಕುರಿತದ್ದಲ್ಲ, ಹಣವನ್ನು ಕುರಿತದ್ದು.

ಅದರ ಹಿನ್ನೆಲೆ ಹೀಗಿದೆ. ಅದೇ ವರ್ಷದ ಜೂನ್ 16ರಿಂದ 18ರ ವರೆಗೆ ಕ್ಯಾಲಿಫೋರ್ನಿಯಾದ ಮಾಂಟರೇ ಎಂಬಲ್ಲಿ ದೊಡ್ಡದೊಂದು ಸಂಗೀತೋತ್ಸವ ನಡೆಯಿತು. ಬಂದ ಲಾಭವೆಲ್ಲ ಧರ್ಮಕಾರ್ಯಕ್ಕೆ ಎಂದು ಸಾರಿ, ಹಾಡುಗಾರರೆಲ್ಲ ಸಂಭಾವನೆಯಿಲ್ಲದೆ ಹಾಡಿದರು. ಇದಕ್ಕೆ ಒಬ್ಬರು ಮಾತ್ರ ಹೊರತು. ಅವರೇ ನಮ್ಮ ಪಂಡಿತ ರವಿಶಂಕರರು. ಅವರಿಗೆ 3,000 ಡಾಲರ್ ಸಂದಿತು. ಕೊನೆಯ ದಿನ ಮಧ್ಯಾಹ್ನ ಅಲ್ಲಾರಖಾ ಅವರ ತಬಲಾ ಸಾಥಿನೊಡನೆ ಅವರು ನುಡಿಸಿದ ಸಿತಾರಕ್ಕೆ ಸಾವಿರಾರು ಜನ ತಲೆದೂಗಿದರು. ಅದೇ ದಿನ ರಾತ್ರಿ ಜಿಮಿ ಹೆಂಡ್ರಿಕ್ಸ್ ಎಂಬ ಅಪ್ರತಿಮ ಗಿಟಾರುವಾದಕನು ತನ್ನ ಗಿಟಾರಿಗೆ ವೇದಿಕೆಯ ಮೇಲೆಯೇ ಬೆಂಕಿಯಿಟ್ಟನು. ವಾದ್ಯಕ್ಕೆ ನಮಸ್ಕರಿಸಿ ಕೂಡ್ರುವ ಸಂಪ್ರದಾಯದ ರವಿಶಂಕರರಿಗೆ ಇದು ಸಹನೆಯಾಗಲಿಲ್ಲವೆಂದು ಅವರೇ ಮುಂದೆ ಹೇಳಿದ್ದಾರೆ. ಸಿತಾರರತ್ನ ರಹಿಮತ್‌ಖಾನರ ಹೆಸರನ್ನು ಬಲ್ಲ ಧಾರವಾಡ-ವಿಜಯಪುರದ ಕಡೆಯವರಿಗೆ ಅವರ ನೋವು ಅರ್ಥವಾದೀತು.

ಇರಲಿ. ಉತ್ಸವ ಮುಗಿಯಿತು, ಹೊಗಳಿಕೆಯ ಸುರಿಮಳೆಯಾಯಿತು. ಐದು ತಿಂಗಳ ಮೇಲೆ ಹೊರಟ ಈ ಹೊಸ ಪತ್ರಿಕೆಯು, ಕೂಡಿದ ಹಣ ಎಷ್ಟು, ಅದು ಎಲ್ಲಿ ಹೋಯಿತು ಎಂದು ಕೇಳಿತು. ಹಾಡುಗಾರರಿಗೆ ಸಂಭಾವನೆಯಿಲ್ಲವಾದರೂ ಅವರ ಪ್ರವಾಸ, ವಸತಿಗಳ ಮೇಲೆ ಕೈಬಿಟ್ಟು ಆದ ವೆಚ್ಚವನ್ನೂ, ಧರ್ಮಕಾರ್ಯದ ಕೆಲಸವು ಎಷ್ಟು ಮಂದಗತಿಯಿಂದ ಸಾಗಿತ್ತೆಂಬುದನ್ನೂ ವರದಿಯು ವಿಚಾರಿಸಿತು. ನಮ್ಮೂರುಗಳಲ್ಲಿ ಜಾತ್ರೆಗೆಂದು ಮನೆಮನೆಗೆ ಪಟ್ಟಿ ಎತ್ತುತ್ತಾರೆ. ತೇರು ಎಳೆದು, ಪ್ರಸಾದ ಉಂಡ ಮೇಲೆ ಜಮಾಖರ್ಚಿನ ಲೆಕ್ಕ ಕೇಳುವವನು ಎಲ್ಲರಿಗೂ ಬೇಡವಾದವನು. ಆದರೆ ಅಂತಹವನೊಬ್ಬನಿದ್ದರೆ ಮುಂದಿನ ವರ್ಷದ ಜಾತ್ರೆ ಚೆನ್ನಾಗಿ ನಡೆಯುತ್ತದೆ. ಮಾಂಟರೇ ಉತ್ಸವವನ್ನು ನಡೆಸಿದವರು ಪತ್ರಿಕೆಯ ವಿರೋಧಿಗಳೇನಲ್ಲ, ಅದೇ ಸಂಗೀತವನ್ನು ಪ್ರೀತಿಸುವ ತನ್ನವರು. ತನ್ನವರ ಲೆಕ್ಕವನ್ನೇ ಮೊದಲು ಕೇಳಿದುದರಲ್ಲಿ ಈ ಸಂಚಿಕೆಯ ಹಿರಿಮೆಯಿದೆ. ಒಂದು ಕಲೆಯನ್ನು ಪ್ರೀತಿಸುವದೆಂದರೆ ಅದರ ಬಗ್ಗೆ ನಿಜವನ್ನು ಹೇಳಲು ಸಿದ್ಧನಿರುವದು ಎಂಬ ತತ್ತ್ವವನ್ನು ಅದು ಉಪದೇಶಿಸದೆ ಆಚರಿಸಿ ತೋರಿಸಿತು.

ಹಾಗೆಂದು ಸಂಚಿಕೆಯು ಹೊರಟ ದಿನವೇ ಜಗತ್ತನ್ನು ಗೆದ್ದಿತೆಂದು ಯಾರೂ ತಿಳಿಯಬಾರದು. ಅಚ್ಚಾದ ಪ್ರತಿಗಳು 40,000. ಅವುಗಳಲ್ಲಿ ಸುಮಾರು 34,000 ಮಾರಾಟವಾಗದೆ ಹಿಂದಿರುಗಿ ಬಂದವು. ನೂರಕ್ಕೆ ಹದಿನೈದು ಮಾತ್ರ ಖರ್ಚಾದ ಪತ್ರಿಕೆಯನ್ನು ಎರಡನೆಯ ಸಲ ಹೊರಡಿಸಲು ಎದೆಗಾರಿಕೆ ಬೇಕು. ಅಂದು ಹಿಂದಿರುಗಿ ಬಂದ ಕಾಗದವೇ ಇಂದು ಸಂಗ್ರಾಹಕರು ಹುಡುಕಿಕೊಂಡು ಕೊಳ್ಳುವ ಅಪೂರ್ವ ವಸ್ತುವಾಗಿದೆ. 2007ರಲ್ಲಿ ಪತ್ರಿಕೆಯ ಮೊದಲ 40 ವರ್ಷಗಳ ಸಂಚಿಕೆಗಳನ್ನೆಲ್ಲ ಡಿಸ್ಕುಗಳಲ್ಲಿ ಅಡಕಮಾಡಿ ಹೊರತಂದುದರಿಂದ, ಈಗ ಅದನ್ನು ದೂರದವರೂ ಪುಟಪುಟವಾಗಿ ನೋಡಬಹುದಾಗಿದೆ.

ಪತ್ರಿಕೆಯ ಮುಂದಿನ ಕಥೆಯಲ್ಲಿ ಬಿಸಿಲೂ ಉಂಟು, ನೆರಳೂ ಉಂಟು. 1977ರಲ್ಲಿ ಅದರ ಕಚೇರಿಯು ನ್ಯೂಯಾರ್ಕಿಗೆ ಹೋಯಿತು. ಅಟ್ಟದ ಮೇಲೆ ಹುಟ್ಟಿದುದು ದೊಡ್ಡ ಉದ್ಯಮವಾಯಿತು. ರಾಜಕಾರಣದ ವಿಷಯದಲ್ಲಿಯೂ ಹೆಸರಾದ ವರದಿಗಳನ್ನು ಪ್ರಕಟಿಸಿತು. ಆದರೆ 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ನಡೆಯಿತೆನ್ನಲಾದ ಒಂದು ಅತ್ಯಾಚಾರವನ್ನು ಕುರಿತು, ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸದೆ, ದೊಡ್ಡ ವರದಿಯನ್ನು ಅದು ಅಚ್ಚುಮಾಡಿತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ಶಾಲೆಯವರು ವಿಚಾರಣೆ ಮಾಡಿ ದೋಷಗಳನ್ನು ಎತ್ತಿ ತೋರಿಸಿದ ಮೇಲೆ, 2015ರ ಏಪ್ರಿಲಿನಲ್ಲಿ ಆ ವರದಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರರ ಲೆಕ್ಕ ಕೇಳುತ್ತ ಹುಟ್ಟಿದ ಪತ್ರಿಕೆಯು ತನ್ನ ಲೆಕ್ಕವನ್ನು ತಾನೇ ಒಪ್ಪಿಸಬೇಕಾದ ಪ್ರಸಂಗವಿದು.

ಸ್ಥಾಪಕನಿಗೂ ಇಂತಹದೇ ಗತಿ ಒದಗಿತು. ರಾಕ್ ಸಂಗೀತದ ಮಹನೀಯರೊಡನೆ ತಾನು ನಡೆಸಿದ ಸಂದರ್ಶನಗಳನ್ನು ವೆನರ್ 2023ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅದರಲ್ಲಿದ್ದವರು ಏಳು ಜನ. ಏಳೂ ಜನ ಬಿಳಿಯ ಗಂಡಸರು. ಹೆಂಗಸರೂ ಕರಿಯರೂ ಏಕಿಲ್ಲವೆಂದು ಕೇಳಿದಾಗ, ಅವರು ತಮ್ಮ ಕಲೆಯನ್ನು ಕುರಿತು ಅಷ್ಟು ಚೆನ್ನಾಗಿ ಮಾತನಾಡಬಲ್ಲವರಲ್ಲ ಎಂಬರ್ಥದ ಉತ್ತರ ಕೊಟ್ಟನು. ಇದರಿಂದ ದೊಡ್ಡ ಆಕ್ಷೇಪವೆದ್ದು, ರಾಕ್ ಸಂಗೀತದ ಕೀರ್ತಿಮಂದಿರವೆಂದು ಹೆಸರಾದ ಸಂಸ್ಥೆಯ ಆಡಳಿತ ಮಂಡಳದಿಂದ ಆತನನ್ನು ತೆಗೆದುಹಾಕಿದರು. ಕರಿಯ ಹಾಡುಗಾರನ ಹಾಡಿನ ಹೆಸರನ್ನೇ ಹೊತ್ತು ಹುಟ್ಟಿದ ಪತ್ರಿಕೆಯ ಸ್ಥಾಪಕನು ಕರಿಯರ ಮಾತಿಗೆ ಕಿವುಡನಾದುದು ಸೋಜಿಗವೇ ಸರಿ.

ನಮ್ಮ ದೇಶದಲ್ಲಿಯೂ ಈ ಬಗೆಯ ಪ್ರಯತ್ನಗಳು ನಡೆದಿವೆ. ಅದೇ 1967ರಲ್ಲಿ ಕಲಕತ್ತೆಯ 'ಸ್ಟೇಟ್ಸ್‌ಮನ್' ಸಂಸ್ಥೆಯು ಡೆಸ್ಮಂಡ್ ಡಾಯ್ಗರ ಸಂಪಾದಕತ್ವದಲ್ಲಿ 'ಜೂನಿಯರ್ ಸ್ಟೇಟ್ಸ್‌ಮನ್' ಎಂಬ ತರುಣರ ಪತ್ರಿಕೆಯನ್ನು ತೆಗೆಯಿತು. 'ಜೆಎಸ್' ಎಂದೇ ಪ್ರಸಿದ್ಧವಾದ ಅದರಲ್ಲಿ ಪಾಶ್ಚಾತ್ಯ ಸಂಗೀತಕ್ಕೂ ಎಡೆಯಿತ್ತು. 1977ರಲ್ಲಿ ಅದು ನಿಂತಿತು. 1993ರಲ್ಲಿ ಅಮಿತ್ ಸೈಗಲ್ ಅವರು 'ರಾಕ್ ಸ್ಟ್ರೀಟ್ ಜರ್ನಲ್' ಎಂಬ ಪತ್ರಿಕೆಯನ್ನು ಆರಂಭಿಸಿದುದು ಮುಂಬಯಿಯಲ್ಲಲ್ಲ, ದಿಲ್ಲಿಯಲ್ಲಲ್ಲ, ಗಂಗಾ-ಯಮುನೆಗಳ ಸಂಗಮದ ಅಲಹಾಬಾದಿನಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ರೋಲಿಂಗ್ ಸ್ಟೋನಿನ ಭಾರತೀಯ ಆವೃತ್ತಿಯೂ 2008ರಲ್ಲಿ ಹೊರಟಿತು. ನಮ್ಮ ಬೆಂಗಳೂರಂತೂ ಈ ಸಂಗೀತಕ್ಕೆ ಹೆಸರಾದ ಊರು. ರೋಲಿಂಗ್ ಸ್ಟೋನ್ಸ್ ಮೇಳದವರು 2003ರಲ್ಲಿ, ಐರನ್ ಮೇಡನ್ ಮೇಳದವರು 2007ರಲ್ಲಿ, ಮೆಟಾಲಿಕಾ ಮೇಳದವರು 2011ರಲ್ಲಿ ಅಲ್ಲಿ ಬಂದು ಹಾಡಿದರು. ಶಿಶುನಾಳ ಶರೀಫರ ತತ್ತ್ವಪದಗಳನ್ನು ರಘು ದೀಕ್ಷಿತರು ಗಿಟಾರು ಡ್ರಮ್ಮುಗಳೊಡನೆ ಹಾಡಿ ಹೊರನಾಡಿನವರಿಗೂ ಮುಟ್ಟಿಸಿದ್ದಾರೆ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಹೊರ್ತಿಯ ಕಡೆಯವರಿಗೆ ಇದರಿಂದ ಏನು? ಉತ್ತರ ದೂರವಿಲ್ಲ; ಇಂಡಿ ತಾಲೂಕಿಗೇ ಸೇರಿದ್ದು, ಈಗ ಚಡಚಣ ತಾಲೂಕಿನಲ್ಲಿರುವ ಹಲಸಂಗಿಯಲ್ಲಿದೆ. ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಹನು ಸ್ವತಃ ಹಾಡುಗಳನ್ನು ರಚಿಸಿ 'ಕಿತಾಬ್-ಎ-ನವರಸ್' ಎಂಬ ಗ್ರಂಥವನ್ನು ಮಾಡಿದನು. ಅರಸನ ಹಾಡು ಗ್ರಂಥವಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಹಾಡನ್ನು, ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ಹಾಡುವ ಲಾವಣಿಯನ್ನು ಅಚ್ಚಿನ ಪುಟಕ್ಕೆ ತರಲು ಯೋಗ್ಯವೆಂದು ಬಗೆದವರು ಆಗ ವಿರಳ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿಯ ಗೆಳೆಯರು ಈ ಕೆಲಸಕ್ಕೆ ಕೈಹಾಕಿದರು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಹೊರಬಂದವು. ಇವುಗಳಲ್ಲಿ 'ಜೀವನ ಸಂಗೀತ'ವು ಲಾವಣಿಗಳ ಸಂಗ್ರಹ.

ಸ್ಯಾನ್ ಫ್ರಾನ್ಸಿಸ್ಕೋದ ಅಟ್ಟದಲ್ಲಿ ನಡೆದ ಕೆಲಸಕ್ಕೂ, ಅದಕ್ಕಿಂತ 36 ವರ್ಷ ಮೊದಲು ಹಲಸಂಗಿಯಲ್ಲಿ ನಡೆದ ಕೆಲಸಕ್ಕೂ ರೂಪದಲ್ಲಿ ಸಾಮ್ಯವಿಲ್ಲ. ಅದು ಮಾರಾಟದ ಪತ್ರಿಕೆ; ಇದು ಗೆಳೆಯರ ಸೇವೆ. ಅದು ಅಂದಿನ ಹೊಸ ಹಾಡನ್ನು ಕುರಿತದ್ದು. ಇದು ತಲೆಮಾರುಗಳಿಂದ ಬಂದ ಹಾಡನ್ನು ಕುರಿತದ್ದು. ಆದರೆ ಎರಡರ ಅಂತರಂಗದ ವಿಚಾರ ಒಂದೇ. ಪಂಡಿತರು ಕೀಳೆಂದು ಬದಿಗಿಟ್ಟ ಹಾಡಿನಲ್ಲಿ ಒಂದು ಜನಾಂಗದ ಬಾಳು ಇದೆ, ಅದು ಆದರದಿಂದ ದಾಖಲಾಗಬೇಕು ಎಂಬುದೇ ಆ ವಿಚಾರ. ಒಂದು ವಿಷಯದಲ್ಲಿ ನಮ್ಮವರೇ ಮುಂದೆ ಹೋದರೆನ್ನಬಹುದು. ಅಮೇರಿಕೆಯ ಪತ್ರಿಕೆಯ ಸ್ಥಾಪಕನು ಐದು ದಶಕಗಳ ಮೇಲೆಯೂ ಕೇಳಿಸಿಕೊಳ್ಳದ ಹೆಂಗಸರ ದನಿಯನ್ನು ಹಲಸಂಗಿಯವರು ತಮ್ಮ ಮೊದಲನೆಯ ಸಂಗ್ರಹದಲ್ಲಿಯೇ ಕೇಳಿಸಿಕೊಂಡರು.

ಹಳೆಯ ಸಂಚಿಕೆಯೊಂದು ಕೈಗೆ ಬಂದಾಗ ಅದನ್ನು ಓದುವ ಕ್ರಮವೂ ಇದರಿಂದ ಹೊಳೆಯುತ್ತದೆ. ಮುಖಪೃಷ್ಠವನ್ನು ನೋಡಿ ಮರುಳಾಗದೆ ಒಳಗಿನ ಚಿಕ್ಕ ವರದಿಗಳನ್ನು ಓದಬೇಕು. ಬೆಲೆ, ವರ್ಗಣಿ, ಜಾಹೀರಾತುಗಳನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು. ಜನ ಏನನ್ನು ಕೊಳ್ಳುತ್ತಿದ್ದರು, ಏನನ್ನು ಬಯಸುತ್ತಿದ್ದರು ಎಂಬುದು ಅವುಗಳಿಂದ ತಿಳಿಯುತ್ತದೆ. ಯಾರ ಹೆಸರು ಇದೆಯೆಂದು ನೋಡುವಂತೆಯೇ ಯಾರ ಹೆಸರು ಇಲ್ಲವೆಂಬುದನ್ನೂ ನೋಡಬೇಕು. ಪತ್ರಿಕೆಯು ತನ್ನವರನ್ನು ಬರಿದೆ ಹೊಗಳಿದೆಯೋ, ಅಥವಾ ಪ್ರಶ್ನಿಸಿಯೂ ಇದೆಯೋ ಎಂದು ಕೊನೆಯಲ್ಲಿ ತೂಗಿನೋಡಬೇಕು.

ಕಾಲೇಜಿನ ವಾರ್ಷಿಕ ಸಂಚಿಕೆಯೂ ಒಂದು ಪತ್ರಿಕೆಯೇ. ಇಂದು ಹಂಚಿದ ಪ್ರತಿಗಳಲ್ಲಿ ಎಷ್ಟು ಉಳಿಯುವವೋ ಹೇಳಲಾಗದು. ಆದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಭಜನೆಯ ಮೇಳಗಳಿವೆ, ಗೀಗೀ ಹಾಡುವವರಿದ್ದಾರೆ, ಬೀಸುವ ಪದಗಳನ್ನು ನೆನಪಿನಲ್ಲಿಟ್ಟುಕೊಂಡ ಮುದುಕಿಯರಿದ್ದಾರೆ, ಮೊಬೈಲಿನಲ್ಲಿ ಹಾಡು ಕಟ್ಟಿ ಬಿಡುವ ಹುಡುಗರೂ ಇದ್ದಾರೆ. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯು ತನ್ನೂರಿನ ಒಬ್ಬ ಹಾಡುಗಾರನ ಅಥವಾ ಹಾಡುಗಾರ್ತಿಯ ಮುಂದೆ ಕುಳಿತು, ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಂಡು ಇಂತಹ ಪುಟಗಳಲ್ಲಿ ಅಚ್ಚುಹಾಕಿಸಿದರೆ ಸಾಕು. ಅದಕ್ಕೆ 7,500 ಡಾಲರ್ ಬೇಕಿಲ್ಲ. ಒಂದು ನೋಟುಬುಕ್ಕು, ಬಿಡುವಿನ ಎರಡು ಸಂಜೆ, ಕೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುವ ಪ್ರಾಮಾಣಿಕತೆ ಇದ್ದರೆ ಕೆಲಸವಾಗುತ್ತದೆ. ಐವತ್ತು ವರ್ಷಗಳ ತರುವಾಯ ಯಾರಾದರೂ ಆ ಸಂಚಿಕೆಯನ್ನು ತೆರೆದಾಗ, ಈ ನಾಡಿನ ಜನ ಏನು ಹಾಡುತ್ತಿದ್ದರೆಂಬುದು ಅವರಿಗೆ ಅದರಲ್ಲಿ ದೊರೆಯುವದು.